ತಲೆಗೆ ಪೆಟ್ಟು ಬಿದ್ದಾಗ ಮಾಡೋ ಬ್ಲಡ್ ಟೆಸ್ಟ್: ಒಂದೂವರೆ ವರ್ಷ ಬಳಸಿದ ಮೇಲೆ

ಸಿಟಿ ಸ್ಕ್ಯಾನ್ ಬೇಕಾ ಬೇಡ್ವಾ ಅನ್ನೋದಕ್ಕೆ 5ಕ್ಕೆ 4 ಕೊಡ್ತೀನಿ. ಪೇಷೆಂಟ್ ಮುಂದೆ ಹೇಗಾಗ್ತಾರೆ ಅನ್ನೋದಕ್ಕೆ, ಸಣ್ಣ ಪೆಟ್ಟಾಗಿದ್ರೆ, 2 ಅಷ್ಟೇ.

ನಾನು ಅಮೆರಿಕದ ಮಿಷಿಗನ್‌ನಲ್ಲಿ ಎಮರ್ಜೆನ್ಸಿ ನರ್ಸ್. ಈ ಟೆಸ್ಟು ರಕ್ತದಲ್ಲಿ ಎರಡು ಪ್ರೋಟೀನ್ ನೋಡತ್ತೆ, ಜಿಎಫ್‌ಎಪಿ ಮತ್ತೆ ಯುಸಿಎಚ್-ಎಲ್1. ಎರಡೂ ಮೆದುಳಿನ ಜೀವಕೋಶದ ಒಳಗಿರೋವು, ಪೆಟ್ಟು ಬಿದ್ದು ಕೋಶ ಒಡೆದ್ರೆ ರಕ್ತಕ್ಕೆ ಸೋರ್ತವೆ. 2018ರಲ್ಲಿ ಇಲ್ಲಿನ ಎಫ್‌ಡಿಎ (ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ) ಮೊದಲ ಸಲ ಒಪ್ಪಿಗೆ ಕೊಟ್ಟಾಗ ಲ್ಯಾಬಿಗೆ ಕಳಿಸಿ ಗಂಟೆಗಟ್ಟಲೆ ಕಾಯ್ಬೇಕಿತ್ತು, 2024ರ ಏಪ್ರಿಲ್‌ನಲ್ಲಿ ಬೆಡ್ ಪಕ್ಕದಲ್ಲೇ ಮಾಡೋದಕ್ಕೆ ಒಪ್ಪಿಗೆ ಸಿಕ್ತು. ಕೈಯಿಂದ ರಕ್ತ ತೆಗೆದು ಕಾರ್ಟ್ರಿಜ್ ಅನ್ನೋ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಎರಡು ಮೂರು ಹನಿ ಬಿಟ್ಟು ಮಿಷನ್‌ಗೆ ಹಾಕಿದ್ರೆ 15 ನಿಮಿಷ. ಕಾರ್ಟ್ರಿಜ್‌ನ ಫ್ರಿಜ್‌ನಿಂದ ತೆಗೆದ ತಕ್ಷಣ ಹಾಕ್ಬಾರ್ದು, ಮಿಷನ್ನು ಸಮತಟ್ಟಾಗಿ ಇಟ್ಟು ಅಲ್ಲಾಡಿಸದೆ ಬಿಡ್ಬೇಕು, ಅವಸರದಲ್ಲಿ ಇದನ್ನ ಮರೆತು ಎಷ್ಟೋ ಸಲ ಮತ್ತೆ ರಕ್ತ ತೆಗ್ದಿದೀನಿ. 18 ದಾಟಿದವರಿಗೆ, ಪೆಟ್ಟು ಬಿದ್ದ 24 ಗಂಟೆ ಒಳಗೆ, ಎಚ್ಚರ ಇರೋ ಸಣ್ಣ ಪೆಟ್ಟಿನವರಿಗೆ ಮಾತ್ರ. ನೆಗೆಟಿವ್ ಬಂದ್ರೆ ಬಹುಪಾಲು ಸ್ಕ್ಯಾನ್ ಬೇಕಾಗಲ್ಲ, ರಾತ್ರಿ ಎರಡು ಗಂಟೆಗೆ ಅದೊಂದು ದೊಡ್ಡ ಉಪಕಾರ.

ಹೋದ ಜನವರಿಲಿ ಮಗನ ಮನೆಗೆ ಬಂದಿದ್ದ ಹಾಸನದ ಕಡೆಯ ಹಿರಿಯರೊಬ್ರು ಮನೆ ಮುಂದಿನ ಐಸ್ ಮೇಲೆ ಜಾರಿ ಹಿಂದಕ್ಕೆ ಬಿದ್ರು. ನಾನು ಕನ್ನಡ ಮಾತಾಡಿದ್ದೇ ತಡ, ಅವರ ಹೆಂಡತಿ ನನ್ನ ಕೈ ಹಿಡ್ಕೊಂಡ್ಬಿಟ್ರು. ಟೆಸ್ಟ್ ಪಾಸಿಟಿವ್, ಸಿಟಿ ನೋಡಿದ್ರೆ ಕ್ಲಿಯರ್. ವಯಸ್ಸಾದವರಲ್ಲಿ ಇದು ತುಂಬಾ ಆಗತ್ತೆ, ಅವರಿಗೆ ಜಿಎಫ್‌ಎಪಿ ಸುಮ್ನೆ ಇರೋವಾಗ್ಲೂ ಜಾಸ್ತಿನೇ ಇರತ್ತೆ. ಆದ್ರೆ ಆಯಮ್ಮ ಕೇಳಿದ್ದು ಬೇರೆ: "ತಾಯಿ, ರಕ್ತದಲ್ಲಿ ಗೊತ್ತಾಯ್ತಲ್ಲ, ಇವ್ರು ಮೊದಲಿನ ಹಾಗೆ ಆಗ್ತಾರಾ ಹೇಳಿ."

ಇದಕ್ಕೆ ಆ ಮಿಷನ್ ಹತ್ರ ಉತ್ತರ ಇಲ್ಲ. ಟ್ರ್ಯಾಕ್-ಟಿಬಿಐ ಅಂತ ಇಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ 1,696 ಜನರ ಮೊದಲ ದಿನದ ರಕ್ತ ನೋಡಿ ಆರು ತಿಂಗಳಾದ್ಮೇಲೆ ಹೇಗಿದಾರೆ ಅಂತ ಹೋಲಿಸಿದ್ರು, 2022ರಲ್ಲಿ ಪ್ರಕಟ ಆಯ್ತು. ಯಾರು ಸಾಯ್ತಾರೆ ಅನ್ನೋ ವಿಷಯದಲ್ಲಿ ಜಿಎಫ್‌ಎಪಿ ಅಂದಾಜಿನ ಅಂಕ (1 ಅಂದ್ರೆ ಪೂರ್ತಿ ಸರಿ) 0.87, ಯುಸಿಎಚ್-ಎಲ್1ದು 0.89. ಅಂದ್ರೆ ಜೋರು ಪೆಟ್ಟಿನವರಲ್ಲಿ ಈ ಪ್ರೋಟೀನುಗಳ ಮಾತಿಗೆ ತೂಕ ಇದೆ. ಪೂರ್ತಿ ಗುಣ ಆಗ್ತಾರಾ ಅನ್ನೋದಕ್ಕೆ ಮಾತ್ರ 0.62, 0.61. ಬರೀ ನಾಣ್ಯ ಚಿಮ್ಮಿಸಿ ಹೇಳಿದ್ರೆ 0.5 ಬರತ್ತೆ, ನೀವೇ ಯೋಚ್ನೆ ಮಾಡಿ.

ಇದರ ಉಲ್ಟಾನೂ ನೋಡಿದೀನಿ. ಸೈಕಲ್‌ನಿಂದ ಬಿದ್ದ ಒಬ್ಬ ಹುಡುಗನಿಗೆ ನೆಗೆಟಿವ್ ಬಂತು, ಸ್ಕ್ಯಾನ್ ಇಲ್ಲದೆ ಮನೆಗೆ ಕಳಿಸಿದ್ವಿ. ಮೂರು ತಿಂಗಳಾದ್ರೂ ಸ್ಕ್ರೀನ್ ನೋಡಿದ್ರೆ ತಲೆ ಸಿಡಿಯತ್ತೆ, ಆಫೀಸಲ್ಲಿ "ಟೆಸ್ಟ್ ನಾರ್ಮಲ್ ಇದ್ಯಲ್ಲ" ಅಂತಾರೆ ಅಂತ ಹೇಳ್ತಾ ಕಣ್ಣೀರಿಟ್ಟ. ನನಗೆ ಸಂಕಟ ಆಗಿದ್ದು ಅಲ್ಲಿ. ನೆಗೆಟಿವ್ ಅಂದ್ರೆ ಸ್ಕ್ಯಾನ್‌ನಲ್ಲಿ ಕಾಣೋ ರಕ್ತಸ್ರಾವ ಇರೋ ಸಾಧ್ಯತೆ ತೀರಾ ಕಮ್ಮಿ ಅಂತ, ಪೆಟ್ಟೇ ಆಗಿಲ್ಲ ಅಂತಲ್ಲ.

ಈಗ ನೆಗೆಟಿವ್ ಬಂದವರಿಗೂ ತಲೆನೋವು, ಮರೆವು, ನಿದ್ದೆ ಇದನ್ನೆಲ್ಲ ಗಮನಿಸಿ ಅಂತ ಚೀಟಿ ಕೊಟ್ಟು, ಎರಡು ವಾರಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಮಾಡಿಸಿಯೇ ಕಳಿಸ್ತೀನಿ. ಹಾಸನದ ಆಯಮ್ಮನಿಗೂ ಅದನ್ನೇ ಕನ್ನಡದಲ್ಲಿ ಬರ್ಕೊಟ್ಟೆ.