ಮಾದರಿ ಟ್ಯಾಂಕಿಗೆ ಯಾವ ಬಣ್ಣ: ಲ್ಯಾಕರ್ರೋ, ಅಕ್ರಿಲಿಕ್ಕೋ?

1/35 ಅಳತೆಯ (ಅಸಲಿಗಿಂತ 35 ಪಟ್ಟು ಚಿಕ್ಕ) ಪ್ಲಾಸ್ಟಿಕ್ ಯುದ್ಧ ಟ್ಯಾಂಕ್ ಜೋಡಿಸಿ, ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೈಗೆತ್ತಿಕೊಳ್ಳುವ ಮೊದಲು ಈ ಪ್ರಶ್ನೆ ಇತ್ಯರ್ಥವಾಗಬೇಕು.

ಲ್ಯಾಕರ್, ಅಂದರೆ ಘಾಟು ಥಿನ್ನರ್‌ನಲ್ಲಿ ಕರಗಿಸಿದ ಬಣ್ಣ, ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ನಿಮಿಷಗಳಲ್ಲಿ ಒಣಗುತ್ತದೆ, 0.3 ಮಿ.ಮೀ. ನಾಜಲ್‌ನಲ್ಲೂ ಸರಾಗವಾಗಿ ಹರಿಯುತ್ತದೆ. ಆದರೆ ಅದರ ಆವಿ ಕೆಟ್ಟದ್ದು. ಆವಿ ಸೋಸುವ ಮಾಸ್ಕ್, ಗಾಳಿ ಹೊರದಬ್ಬುವ ಫ್ಯಾನ್ ಎರಡೂ ಇಲ್ಲದಿದ್ದರೆ ದಯವಿಟ್ಟು ಮುಟ್ಟಬೇಡಿ.

ನೀರಿನ ಅಕ್ರಿಲಿಕ್‌ಗೆ ವಾಸನೆ ಕಡಿಮೆ (ತುಂತುರು ಒಳಗೆಳೆಯದಂತೆ ಮಾಸ್ಕ್ ಇದಕ್ಕೂ ಬೇಕು). ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಾಕುವ ತಳಪದರ) ತಪ್ಪಿಸುವಂತಿಲ್ಲ, ಏರ್‌ಬ್ರಷ್‌ನ ಸೂಜಿ ತುದಿಯಲ್ಲಿ ಒಣಗಿ ಕೂರುವ ಬಣ್ಣವನ್ನು ಆಗಾಗ ಒರೆಸುತ್ತಿರಬೇಕು. ಹೊಸಬರಿಗೆ ನಾನು ಹೇಳುವುದು ಅಕ್ರಿಲಿಕ್ಕನ್ನೇ.

ಹಳತಾಗಿಸುವ ಕೆಲಸದಲ್ಲಂತೂ ಅಕ್ರಿಲಿಕ್ಕೇ ಮೇಲು. ತುಕ್ಕಿನ ಬಣ್ಣದ ಲ್ಯಾಕರ್ ತಳದ ಮೇಲೆ ಹೇರ್‌ಸ್ಪ್ರೇ ಹೊಡೆದು, ಒಣಗಿದ ಮೇಲೆ ಹಸಿರು ಅಕ್ರಿಲಿಕ್ ಹಾಕಿ. ಅದು ಒಣಗುತ್ತಲೇ, ನೀರಲ್ಲಿ ಅದ್ದಿದ ಗಡಸು ಬ್ರಷ್‌ನಿಂದ ಹ್ಯಾಚ್‌ನ (ಟ್ಯಾಂಕಿನೊಳಗೆ ಇಳಿಯುವ ಬಾಗಿಲಿನ) ಅಂಚನ್ನು ಮೆಲ್ಲಗೆ ಉಜ್ಜಿ. ಒಳಗಿನ ಹೇರ್‌ಸ್ಪ್ರೇ ಕರಗಿ ಹಸಿರು ಪುಟ್ಟ ಪುಟ್ಟ ಚಕ್ಕೆಯಾಗಿ ಏಳುತ್ತದೆ, ಕಂದು ಇಣುಕುತ್ತದೆ. ಬೂಟುಗಾಲು ಸವೆಸಿದ ಜಾಗದ ಹಾಗೇ! ಮೇಲ್ಪದರವೂ ಲ್ಯಾಕರ್ ಆದರೆ ಈ ಚಕ್ಕೆ ಸಲೀಸಾಗಿ ಏಳುವುದಿಲ್ಲ.

ಸಂದುಗೊಂದುಗಳಲ್ಲಿ ನೆರಳು ತರಲು ಹರಿಸುವ ತೆಳು ಎನಾಮೆಲ್ ಬಣ್ಣ, ಅಂದರೆ ಎನಾಮೆಲ್ ವಾಶ್ ಮಾತ್ರ ಪೂರ್ತಿ ಒಣಗಿದ ಎರಡರ ಮೇಲೂ ನಡೆಯುತ್ತದೆ. ಹೆಚ್ಚಾದದ್ದನ್ನು ವೈಟ್ ಸ್ಪಿರಿಟ್‌ನಲ್ಲಿ (ಎನಾಮೆಲ್ ಕರಗಿಸುವ ಥಿನ್ನರ್) ಒರೆಸಿದರಾಯಿತು.