ಏನು ಕೊಡಬೇಕು, ಹೇಗೆ ಕೊಡಬೇಕು: ಗೂಂಜ್ ಜಾಲತಾಣವನ್ನು ಬಳಸುತ್ತ ಬಂದ ಅನುಭವ

ನಗರದ ಮನೆಗಳಲ್ಲಿ ಬಳಸದೆ ಉಳಿದ ಬಟ್ಟೆ, ಸಾಮಾನುಗಳನ್ನು ಸಂಗ್ರಹಿಸಿ ಹಳ್ಳಿಗಳಿಗೆ, ವಿಪತ್ತಿಗೆ ಸಿಲುಕಿದವರಿಗೆ ತಲುಪಿಸುವ ಗೂಂಜ್ ಸಂಸ್ಥೆಯ ಜಾಲತಾಣವನ್ನು ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಅವರು ಆರಂಭಿಸಿದ ಈ ಸಂಸ್ಥೆಯ ಹಿನ್ನೆಲೆಯನ್ನು, 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೇ ಹಲವರು ಓದಿರುತ್ತಾರೆ. ಅದನ್ನು ಮತ್ತೆ ಹೇಳುವುದಿಲ್ಲ. ದೇಣಿಗೆಯ ಪುಟ, ತೆರಿಗೆ ವಿನಾಯಿತಿಯ ರಸೀದಿ ಮುಂತಾದವು ಇತರ ಸಂಸ್ಥೆಗಳಲ್ಲಿಯೂ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಯಾವ ಯಾವ ವಸ್ತುಗಳನ್ನು ಯಾವ ಸ್ಥಿತಿಯಲ್ಲಿ ಕೊಡಬಹುದು ಎಂದು ತಿಳಿಸುವ ಭಾಗ.

ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಬೀರು ಖಾಲಿ ಮಾಡುವ ರೂಢಿ ಹಿಂದಿನಿಂದಲೂ ಇತ್ತು. ಈಗ ಆ ಕೆಲಸಕ್ಕೆ ಎರಡು ಭಾನುವಾರಗಳಾದರೂ ಬೇಕು. ಬಟ್ಟೆಯನ್ನು ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಗುಂಡಿ ಬಿದ್ದಲ್ಲಿ ಹೊಲಿದು, ಜಿಪ್ ಎಳೆದು ನೋಡಿ ಮಡಚುತ್ತೇವೆ. ಒಳಲಂಗ ಮತ್ತು ಪೈಜಾಮಗಳಿಗೆ ಲಾಡಿ ಇದೆಯೇ ಎಂದು ನೋಡುವುದು ನನ್ನ ಅತ್ತೆಯವರ ಪಾಲಿನ ಕೆಲಸ. ಇಲ್ಲದಿದ್ದರೆ ಪಿನ್ನಿನ ತುದಿಗೆ ಹೊಸ ಲಾಡಿಯನ್ನು ಸಿಕ್ಕಿಸಿ, ನಿಧಾನವಾಗಿ ನೇಫದೊಳಗೆ ತೂರಿಸಿ, ಎರಡೂ ತುದಿಗಳಿಗೆ ಗಂಟು ಹಾಕುತ್ತಾರೆ. ಲಾಡಿಯಿಲ್ಲದ ಲಂಗವನ್ನು ಪಡೆದ ಹೆಂಗಸು, ಪ್ರವಾಹದಲ್ಲಿ ಮನೆ ಕಳೆದುಕೊಂಡಿರುವಾಗ, ಲಾಡಿಯನ್ನು ಎಲ್ಲಿಂದ ತಂದಾಳು? ಚಪ್ಪಲಿ, ಬೂಟುಗಳನ್ನು ಜೋಡಿಯಾಗಿಯೇ ಕಟ್ಟುತ್ತೇವೆ. ಶಾಲೆಯ ವರ್ಷ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳೂ ಇದೇ ಚೀಲಕ್ಕೆ ಸೇರುತ್ತವೆ, ಏಕೆಂದರೆ ಅಲ್ಲಿ ಅವುಗಳನ್ನು ಒಟ್ಟುಗೂಡಿಸಿ ಹೊಸ ಪುಸ್ತಕಗಳಾಗಿ ಕಟ್ಟುತ್ತಾರೆ. ಉಡಲು ಬಾರದಷ್ಟು ಹಳತಾದ ಹತ್ತಿ ಬಟ್ಟೆ ಮುಟ್ಟಿನ ಸಮಯದಲ್ಲಿ ಬಳಸುವ ಪ್ಯಾಡ್ ಆಗುತ್ತದೆ. ಇನ್ನೂ ಕೆಲವು ಬಟ್ಟೆಗಳು ಕೌದಿಯಂತಹ ಸುಜನಿಯಾಗುತ್ತವೆ ಎಂಬುದನ್ನು ತಿಳಿದಾಗ ನನಗೆ ನಿಜವಾದ ಸಂತೋಷವಾಯಿತು.

ಇದಕ್ಕಿಂತಲೂ ಮುಖ್ಯವಾದುದು ಈ ವಸ್ತುಗಳನ್ನು ಹಂಚುವ ಬಗೆ. ಊರಿನವರು ತಮಗೆ ಬೇಕಾದ ಕೆಲಸವನ್ನು ತಾವೇ ಗುರುತಿಸಿ, ಬಾವಿ ತೋಡಿ, ಕೆರೆಯ ಹೂಳೆತ್ತಿ, ಬಿದಿರಿನ ಸೇತುವೆ ಕಟ್ಟಿ, ಆ ದುಡಿಮೆಗೆ ಗೌರವವಾಗಿ ಬಟ್ಟೆ ಮತ್ತು ಮನೆಬಳಕೆಯ ಸಾಮಾನುಗಳ ಕಟ್ಟನ್ನು ಪಡೆಯುತ್ತಾರೆ. ಕೈಚಾಚುವ ಅಗತ್ಯವೇ ಇಲ್ಲದ ಈ ವ್ಯವಸ್ಥೆಯನ್ನು ಓದಿದ ಮೇಲೆ, ಬೀದಿಯಲ್ಲಿ ನಿಂತು ಬಟ್ಟೆ ಹಂಚಿ ಫೋಟೋ ತೆಗೆಸಿಕೊಳ್ಳುವುದನ್ನು ನೋಡಲು ನನಗೆ ಕಷ್ಟವಾಗುತ್ತದೆ.

ನನಗೆ ಹಿಡಿಸದ ಸಂಗತಿಯೂ ಒಂದಿತ್ತು. ವಸ್ತುಗಳ ಜೊತೆಗೆ ಅವುಗಳ ಸಾಗಣೆ ಮತ್ತು ವಿಂಗಡಣೆಗೆ ಸ್ವಲ್ಪ ಹಣವನ್ನೂ ಕೊಡಿ ಎಂಬ ಕೋರಿಕೆ ಅದು. ತಿಂಗಳ ಸಂಬಳದಲ್ಲಿ ಲೆಕ್ಕ ಹಾಕಿ ನಡೆಸುವ ಮನೆ ನಮ್ಮದು. ಅಲ್ಲದೆ ಬೇರೊಂದು ಸಂಸ್ಥೆಗೆ ಒಮ್ಮೆ ಹಣ ಕೊಟ್ಟ ಮೇಲೆ ತಿಂಗಳುಗಟ್ಟಲೆ ದೂರವಾಣಿ ಕರೆಗಳನ್ನು ಸಹಿಸಿದ್ದೆವು. ಬಟ್ಟೆಯನ್ನೂ ಕೊಟ್ಟು ಹಣವನ್ನೂ ಏಕೆ ಕೊಡಬೇಕು ಎಂದು ಮನೆಯಲ್ಲಿ ಚರ್ಚೆಯೇ ನಡೆಯಿತು.

ನನ್ನ ಅಭಿಪ್ರಾಯ ಬದಲಾದದ್ದು 2019ರ ಆಗಸ್ಟ್‌ನಲ್ಲಿ, ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಉತ್ತರ ಕರ್ನಾಟಕದ ಜಿಲ್ಲೆಗಳು ಮುಳುಗಿದಾಗ. ನಮ್ಮ ಬಡಾವಣೆಯಲ್ಲಿ ಸಂಗ್ರಹಿಸಿದ ರಾಶಿಯಲ್ಲಿ ಒಂಟಿ ಚಪ್ಪಲಿ, ಹರಿದ ಒಳ ಉಡುಪು, ಜರಿಯ ಮಕ್ಕಳ ಉಡುಗೆಗಳೇ ಹೆಚ್ಚಾಗಿದ್ದವು. ನೀರಿನಲ್ಲಿ ನೆನೆದವರಿಗೆ ಬೇಕಾಗಿದ್ದುದು ಟಾರ್ಪಾಲು, ಕಂಬಳಿ, ಸೊಳ್ಳೆ ಪರದೆ, ಪಾತ್ರೆ. ಆ ರಾಶಿಯನ್ನು ವಿಂಗಡಿಸಲು ಹತ್ತಾರು ಜನ ದಿನವಿಡೀ ಕುಳಿತೆವು. ಆಮೇಲೂ ಲಾರಿಯ ಬಾಡಿಗೆಗೆ ಚಂದಾ ಎತ್ತಬೇಕಾಯಿತು. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಯಾರಿಗೂ ಬೇಡವಾಗಿ ಉಳಿದ ಬಟ್ಟೆಯ ರಾಶಿಗಳನ್ನು ಗೂಂಜ್ ವಹಿಸಿಕೊಂಡು ಬಳಕೆಗೆ ತಂದಿತು ಎಂಬುದನ್ನು ಮೊದಲು ಓದಿದ್ದೆ, ಆದರೆ ಅದರ ಹಿಂದಿನ ಶ್ರಮವೆಷ್ಟು ಎಂಬುದು ಆ ದಿನ ಅರ್ಥವಾಯಿತು. ಬಟ್ಟೆ ಕೊಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ; ಗೋದಾಮಿನ ಬಾಡಿಗೆ ಮತ್ತು ವಿಂಗಡಿಸುವವರ ಕೂಲಿಯ ಬಗ್ಗೆ ಯೋಚಿಸುವವರು ಕಡಿಮೆ. ಈಗ ಚೀಲದೊಂದಿಗೆ ನಮ್ಮ ಕೈಲಾದಷ್ಟು ಹಣವನ್ನೂ ಕೊಡುತ್ತೇವೆ.

ತಾವು ಕೊಟ್ಟ ಸೀರೆ ಯಾವ ಊರಿನ ಯಾರ ಕೈ ಸೇರಿತು ಎಂದು ತಿಳಿಯಬಯಸುವವರಿಗೆ ಈ ಸೇವೆಯಿಂದ ಸಮಾಧಾನ ಸಿಗಲಾರದು. ನನಗೆ ಅದರ ಅಗತ್ಯ ಕಾಣುವುದಿಲ್ಲ. ಪಡೆದವರ ಹೆಸರು, ಮುಖ ನಮಗೆ ತಿಳಿಯದೆ ಇರುವುದೇ ಒಳ್ಳೆಯದು. ಕೊಡುವವರಿಗೆ ಅನುಕೂಲವಾಗಲೆಂದು, ಏನನ್ನು ಯಾವ ಸ್ಥಿತಿಯಲ್ಲಿ ಕೊಡಬಹುದು ಎಂಬ ಜಾಲತಾಣದ ಪಟ್ಟಿಯ ಸಾರಾಂಶವನ್ನು ಕನ್ನಡದಲ್ಲಿ ಬರೆದು ನಮ್ಮ ಬಡಾವಣೆಯ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ಅಂಥ ಪಟ್ಟಿ ಪ್ರತಿಯೊಂದು ಬಡಾವಣೆಯಲ್ಲೂ ಇರಬೇಕು. ಸಂಗ್ರಹ ಕೇಂದ್ರಗಳ ವಿಳಾಸವೂ ಸಮಯವೂ ಬದಲಾಗುತ್ತಿರುವುದರಿಂದ, ಚೀಲ ಹೊತ್ತು ಹೊರಡುವ ಮುನ್ನ ನಿಮ್ಮ ಊರಿನ ಪುಟವನ್ನು ಒಮ್ಮೆ ತೆರೆದು ನೋಡಿ.