ಅಂಡಮಾನಿನಲ್ಲಿ ಕಾರು ಬೇಕೇ? ಅತ್ತೆಯೊಂದಿಗೆ ಒಮ್ಮೆ, ತಂಗಿಯೊಂದಿಗೆ ಒಮ್ಮೆ

ಅಂಡಮಾನಿಗೆ ಎರಡು ಸಲ ಹೋಗಿ ಬಂದದ್ದೇ ತಪ್ಪಾಯಿತು. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಓಣಿಯಿಂದ ಯಾರೇ ಅತ್ತ ಹೊರಡಲಿ, ಮೊದಲು ನಮ್ಮ ಮನೆಯ ಗೇಟು ತೆರೆಯುತ್ತಾರೆ. ಪ್ರಶ್ನೆ ಒಂದೇ: “ಅಲ್ಲಿ ಕಾರು ಮಾಡಿಕೊಳ್ಳಬೇಕೇ, ಬೇಡವೇ?” ಚಹಾ ಆರುವುದರೊಳಗೆ ಹೇಳಿ ಮುಗಿಸುವ ಉತ್ತರವಲ್ಲ ಅದು. ಹಾಗಾಗಿ ಬರೆದೇ ಇಡುತ್ತಿದ್ದೇನೆ.

ಮೊದಲ ಸಲ, ಡಿಸೆಂಬರಿನಲ್ಲಿ, ನಮ್ಮ ಮನೆಯವರು, ಮಗ, ಎಪ್ಪತ್ತು ದಾಟಿದ ಅತ್ತೆ ಮತ್ತು ನಾನು. ಎಲ್ಲಿಗೆ ಹೋದರೂ ಕಾರು. ಎರಡನೆಯ ಸಲ ಫೆಬ್ರುವರಿಯಲ್ಲಿ ನಾನು ಮತ್ತು ಹುಬ್ಬಳ್ಳಿಯಲ್ಲಿರುವ ತಂಗಿ. ಆಗ ಬಸ್ಸು, ಬಾಡಿಗೆ ಸ್ಕೂಟರ್, ಸೈಕಲ್, ಯಾವುದೂ ಸಿಗದಾಗ ಆಟೊ.

ಕಾರಿನ ವಿಷಯದಲ್ಲಿ ನಾನು ಮೋಸಹೋದದ್ದು ಹುಬ್ಬಳ್ಳಿಯಲ್ಲೇ. ಪ್ಯಾಕೇಜ್ ಮಾರಿದವರು ಎದುರಿಗೆ ಕೂರಿಸಿಕೊಂಡು, “ವಿಮಾನ ಇಳಿದಲ್ಲಿಂದ ಮತ್ತೆ ಏರುವವರೆಗೆ ಕಾರು ನಿಮ್ಮದೇ” ಎಂದಿದ್ದರು. ಒಂದೇ ಕಾರು, ಒಬ್ಬನೇ ಡ್ರೈವರ್, ಡಿಕ್ಕಿಯಲ್ಲಿ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ ಎಂದು ನಾನು ಲೆಕ್ಕ ಹಾಕಿದ್ದೆ. ನಡುವೆ ಸಮುದ್ರವಿದೆ ಎಂಬುದನ್ನು ಇಬ್ಬರೂ ಮರೆತಿದ್ದೆವು. ಶ್ರೀ ವಿಜಯಪುರಂನಿಂದ (2024ರವರೆಗೆ ಅದು ಪೋರ್ಟ್ ಬ್ಲೇರ್) ಸ್ವರಾಜ್ ದ್ವೀಪಕ್ಕೆ ನಾವು ಹತ್ತಿದ ಹಡಗಿನಲ್ಲಿ ಜನರಿಗೆ, ಅವರ ಚೀಲಗಳಿಗೆ ಮಾತ್ರ ಜಾಗ. ಕಾರು ದಂಡೆಯಲ್ಲೇ ಉಳಿಯಿತು, ಅದರ ಡಿಕ್ಕಿಯಲ್ಲಿ ರೊಟ್ಟಿಯ ಡಬ್ಬಿಯೂ ಉಳಿಯಿತು. ಒಂದೊಂದು ದ್ವೀಪಕ್ಕೆ ಒಂದೊಂದು ಕಾರು, ಒಬ್ಬೊಬ್ಬ ಡ್ರೈವರ್, ಒಂದೊಂದು ಬಾಡಿಗೆ. ಪ್ಯಾಕೇಜಿನವರು ‘ಕಾರು’ ಎಂದು ಏಕವಚನದಲ್ಲಿ ಬರೆದದ್ದನ್ನು ಮೂರು ಎಂದೇ ಓದಿಕೊಳ್ಳಿ.

ಸ್ವರಾಜ್ ದ್ವೀಪವೆಂದರೆ 2018ರವರೆಗೆ ಹ್ಯಾವ್‌ಲಾಕ್ ಎನ್ನುತ್ತಿದ್ದ ದ್ವೀಪ. ಜೆಟ್ಟಿಯಿಂದ ರಾಧಾನಗರ ಕಡಲತೀರ ಹನ್ನೆರಡು ಕಿಲೊಮೀಟರ್ ಆಸುಪಾಸು, ಹೆಚ್ಚುಕಡಿಮೆ ಧಾರವಾಡದಿಂದ ನವನಗರಕ್ಕೆ ಹೋದಷ್ಟು. ದೂರ ನೋಡಿದರೆ ಕಾರೇ ಬೇಡ. ಆದರೆ ಅಲ್ಲಿ ಲೆಕ್ಕ ಹಾಕಬೇಕಾದದ್ದು ದೂರವನ್ನಲ್ಲ, ಸಂಜೆಯನ್ನು. ಆ ದ್ವೀಪ ಧಾರವಾಡಕ್ಕಿಂತ ಸುಮಾರು 18 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೆ ಸೂರ್ಯ ನಮಗಿಂತ ಒಂದು ಗಂಟೆಗೂ ಹೆಚ್ಚು ಮುಂದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮನೆಯಲ್ಲಿ ನಾವು ಎರಡನೆಯ ಚಹಾಕ್ಕೆ ನೀರಿಡುವ ಹೊತ್ತು ಅದು.

ರಾಧಾನಗರ ಪಶ್ಚಿಮಕ್ಕೆ ತೆರೆದುಕೊಂಡಿರುವುದರಿಂದ ಎಲ್ಲರೂ ಅಲ್ಲಿಗೆ ಹೋಗುವುದು ಸೂರ್ಯಾಸ್ತಕ್ಕೇ. ಅತ್ತೆ ಮರಳಿನ ಮೇಲೆ ಕಾಲು ಚಾಚಿ ಕುಳಿತು, ಸೀರೆಯ ನೆರಿಗೆ ಒದ್ದೆಯಾದರೂ ಏಳಲೊಲ್ಲರು. ಅಷ್ಟರಲ್ಲಿ ಡ್ರೈವರನ ಫೋನು. ಆರು ಗಂಟೆಗೆ ಜೆಟ್ಟಿಯ ಬಳಿ ಅವನಿಗೆ ಇನ್ನೊಂದು ಬಾಡಿಗೆ ಗೊತ್ತಾಗಿತ್ತು. ಹಿಂಬದಿಯ ಸೀಟಿಗೆ ಹಳೆಯ ಪತ್ರಿಕೆ ಹಾಸಿ, ಮರಳು ಬೀಳದಂತೆ ಅಂಚುಗಳನ್ನು ಮಡಿಸಿ ಕಾಯುತ್ತಿದ್ದ. ಒಳ್ಳೆಯ ಹುಡುಗ. ಅವನ ಅಜ್ಜ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಇಲ್ಲಿ ನೆಲೆಸಿದವರಂತೆ. ಗೋವಿಂದನಗರ, ಶ್ಯಾಮನಗರ, ರಾಧಾನಗರ ಎಂಬ ಹೆಸರುಗಳ ಹಿಂದೆ ಇರುವವರು ಅವರೇ. ಆದರೂ ನಾವು ಎದ್ದದ್ದು ಸೂರ್ಯ ಮುಳುಗಿ ಐದು ನಿಮಿಷಕ್ಕೆ. ಆಕಾಶಕ್ಕೆ ನಿಜವಾದ ಕೆಂಪು ಏರುವುದು ಅದಾದ ಮೇಲೆ. ಅದನ್ನು ನಾನು ಕಾರಿನ ಹಿಂದಿನ ಗಾಜಿನಲ್ಲಿ ನೋಡಿದೆ.

ಫೆಬ್ರುವರಿಯಲ್ಲಿ ಆ ಕೆಂಪನ್ನು ಪೂರ್ತಿ ನೋಡಿಯೇ ಎದ್ದೆವು. ಅದಕ್ಕೆ ತೆತ್ತ ಬೆಲೆ ಬೇರೆ. ರಾಧಾನಗರದಿಂದ ಹಿಂದಿರುಗುವ ರಸ್ತೆ ಕಾಡಿನೊಳಗೆ ಏರಿ ಇಳಿಯುತ್ತದೆ, ನಾವು ಬಂದ ಹೊತ್ತಿನಲ್ಲಿ ಉದ್ದಕ್ಕೂ ಒಂದು ದೀಪವೂ ಕಾಣಲಿಲ್ಲ. ನನ್ನ ಸ್ಕೂಟರಿನ ಹೆಡ್‌ಲೈಟು ಬೆಳಕು ಚೆಲ್ಲುವುದಕ್ಕಿಂತ ಹೆಚ್ಚಾಗಿ ಮಿಣುಕುತ್ತಿತ್ತು. ತಂಗಿ ಹಿಂದೆ ಕುಳಿತು ನನ್ನ ಭುಜದ ಮೇಲಿಂದ ಮೊಬೈಲಿನ ಟಾರ್ಚ್ ಹಿಡಿದಿದ್ದಳು. ತಿರುವಿನಲ್ಲಿ ಒಂದು ಆಕಳು ಮಲಗಿತ್ತು. ಅದೇ ಹೊತ್ತಿಗೆ ಊರಿನ ಕಡೆಗೆ ಹೊರಟಿದ್ದ ಬಸ್ಸೊಂದು ನಮ್ಮನ್ನು ದಾಟಿತು. ಅದರ ಹಿಂಬದಿಯ ಕೆಂಪು ದೀಪವನ್ನೇ ಹಿಡಿದುಕೊಂಡು, ಅದು ನಿಂತಲ್ಲಿ ನಿಂತು, ಅದು ಹೊರಟಾಗ ಹೊರಟು, ಬಯಲಿಗೆ ಬಂದು ಮುಟ್ಟಿದೆವು. “ಅಕ್ಕಾ, ಈ ವಿಷಯ ಅವ್ವನಿಗೆ ಹೇಳಬೇಡ” ಎಂದಳು. ಹೇಳಿಲ್ಲ. ಈಗ ಬರೆದೆ.

ಹಗಲಿನಲ್ಲಿ ಮಾತ್ರ ಸ್ಕೂಟರಿಗೆ ಸಾಟಿಯಿಲ್ಲ. ರಾಧಾನಗರಕ್ಕೆ ವಿರುದ್ಧ ದಿಕ್ಕಿನಲ್ಲಿ ಕಾಲಾಪತ್ಥರ್ ಎಂಬ ತೀರವಿದೆ. ಅಲ್ಲಿಗೆ ಹೋಗಬೇಕಾದದ್ದು ಸೂರ್ಯೋದಯಕ್ಕೆ. ಡಿಸೆಂಬರಿನಲ್ಲಿ ಕಾರಿನ ಹುಡುಗ ಅದನ್ನು ಮಧ್ಯಾಹ್ನ ಹನ್ನೆರಡಕ್ಕೆ, ‘ಪಾಯಿಂಟ್’ ಎಂದು ಹೆಸರಿಟ್ಟು, ಇಪ್ಪತ್ತು ನಿಮಿಷದಲ್ಲಿ ತೋರಿಸಿ ಮುಗಿಸಿದ್ದ. ತಂಗಿಯ ಜೊತೆ ಬೆಳಗಿನ ಐದೂವರೆಗೆ ಹೊರಟಾಗ ದಾರಿಯುದ್ದಕ್ಕೂ ಅಡಿಕೆ, ಬಾಳೆ, ತೆಂಗು, ಅಂಗಳ ಗುಡಿಸುವ ಹೆಂಗಸರು. “ಇದೇನು, ಶಿರಸಿಗೆ ಬಂದೆವೋ?” ಎಂದಳು ಅವಳು. ಬೇಕೆಂದಲ್ಲಿ ನಿಂತೆವು. ಒಂದು ಗೂಡಂಗಡಿಯಲ್ಲಿ ಚಹಾ ಕುಡಿದು, ಅಲ್ಲೇ ಪೇಡೆಯ ಪೊಟ್ಟಣ ಬಿಚ್ಚಿ ಅಂಗಡಿಯಾಕೆಗೂ ಕೊಟ್ಟೆವು. ಆಕೆ ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಸ್ಕೂಟರ್ ಬಾಡಿಗೆಗೆ ಪಡೆಯುವವರು ಒಂದನ್ನು ತಪ್ಪದೆ ಮಾಡಿ: ಗಾಡಿ ಕೈಗೆ ಬಂದ ಕೂಡಲೇ ನಾಲ್ಕೂ ಕಡೆಯಿಂದ ವಿಡಿಯೊ ತೆಗೆಯಿರಿ. ನಾವು ತೆಗೆಯಲಿಲ್ಲ. ಮರಳಿಸುವಾಗ ಅಂಗಡಿಯವನು ಎಡಗಡೆಯ ಮುಚ್ಚಳದ ಮೇಲೆ ಬೆರಳಾಡಿಸಿ ಒಂದು ಗೀರು ಹುಡುಕಿದ. ತುಕ್ಕು ಹಿಡಿದ ಗೀರು! ಒಂದು ದಿನದಲ್ಲಿ ತುಕ್ಕು ಹಿಡಿಯುತ್ತದೆಯೇ ಎಂದು ಹಿಂದಿಯಲ್ಲಿ ಜಗಳವಾಡಿದೆ. ಕನ್ನಡದಲ್ಲಾಗಿದ್ದರೆ ಗೆಲ್ಲುತ್ತಿದ್ದೆ. ಐನೂರು ರೂಪಾಯಿ ಹೋಯಿತು, ಅಂದರೆ ಇನ್ನೊಂದು ದಿನದ ಬಾಡಿಗೆಯಷ್ಟು. ನಂಬರ್ ಪ್ಲೇಟ್ ಕಪ್ಪು ಬಣ್ಣದ್ದಾಗಿದ್ದು ಅದರ ಮೇಲೆ ಹಳದಿ ಅಕ್ಷರ ಇದೆಯೇ ಎಂದೂ ನೋಡಿಕೊಳ್ಳಿ. ಬಾಡಿಗೆಗೆ ಪಡೆದು ನಾವೇ ಓಡಿಸುವ ಗಾಡಿಯ ಗುರುತು ಅದು.

ಬಸ್ಸಿನ ಬಗ್ಗೆ ಹೇಳುವುದು ಕಡಿಮೆ. ಜೆಟ್ಟಿಗೂ ರಾಧಾನಗರಕ್ಕೂ ಸರಕಾರಿ ಬಸ್ಸು ಓಡಾಡುತ್ತದೆ, ಟಿಕೆಟ್ಟಿಗೆ ಚಿಲ್ಲರೆ ಹಣ ಸಾಕು. ದಿನವೂ ಎಸಿಯ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು ಹೋಗುವ ತಂಗಿ, ಇದರಲ್ಲಿ ಅಕ್ಕಿ ಮೂಟೆಯ ಮೇಲೆ ಕಾಲಿಟ್ಟು, ಪಕ್ಕದವರ ಮೀನಿನ ಬುಟ್ಟಿಗೆ ಮೂಗು ಮುಚ್ಚಿ ಕುಳಿತಿದ್ದಳು. ನನಗೆ ಅದು ಹಿಡಿಸಿತು. ಆದರೆ ಬಸ್ಸು ಅದರ ಹೊತ್ತಿಗೆ ಬರುತ್ತದೆ, ನಮ್ಮ ಹೊತ್ತಿಗಲ್ಲ. ಅದರ ಎತ್ತರದ ಮೆಟ್ಟಿಲನ್ನು ಅತ್ತೆ ಹತ್ತುವ ಮಾತೇ ಇಲ್ಲ.

ಎಲಿಫೆಂಟ್ ಬೀಚಿನಲ್ಲಿ ಎಲ್ಲರೂ ಸಮಾನರು. ಯಾವ ಗಾಡಿಯೂ ಅಲ್ಲಿಗೆ ಹೋಗುವುದಿಲ್ಲ. ಜೆಟ್ಟಿಯಿಂದ ದೋಣಿ, ಇಲ್ಲವೇ ರಾಧಾನಗರದ ದಾರಿಯಲ್ಲಿ ಇಳಿದು ಕಾಡಿನೊಳಗೆ ಕಾಲ್ನಡಿಗೆ. ನಡೆದರೆ ಕೆಸರು, ದೋಣಿಯಾದರೆ ದುಡ್ಡು.

ಕಾರಿಗೆ ನಾನು ಪೂರ್ತಿ ಅಂಕ ಕೊಡುವುದು ಶ್ರೀ ವಿಜಯಪುರಂನಲ್ಲಿ. ಊರು ಏರು ತಗ್ಗಿನದು, ಸೆಲ್ಯುಲರ್ ಜೈಲಿನಿಂದ ಚಿಡಿಯಾ ಟಾಪುವಿಗೆ ಸುಮಾರು ಇಪ್ಪತ್ತೈದು ಕಿಲೊಮೀಟರ್, ಅಲ್ಲಿಯೂ ಹೋಗುವುದು ಸೂರ್ಯಾಸ್ತಕ್ಕೇ. ಬಾರಾಟಾಂಗಿನ ಸುಣ್ಣದ ಕಲ್ಲಿನ ಗುಹೆಗಳಿಗೆ ಹೊರಡುವವರು ಮಾತ್ರ ಕಾರೆಂದರೆ ಸ್ವಾತಂತ್ರ್ಯ ಎಂದುಕೊಳ್ಳಬೇಡಿ. ದಾರಿ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡನ್ನು ಹಾದು ಹೋಗುತ್ತದೆ. ಜಿರ್ಕಾಟಾಂಗ್ ತಪಾಸಣಾ ಕೇಂದ್ರದಲ್ಲಿ ಎಲ್ಲ ವಾಹನಗಳನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೆ ಬಿಡುತ್ತಾರೆ. ಬೆಳಗಿನ ಆರರ ಸಾಲಿಗೆ ಸೇರಲು ನಾವು ನಸುಕಿನ ಮೂರೂವರೆಗೆ ಎದ್ದು ಹೊರಟೆವು. ನಡುವೆ ನಿಲ್ಲುವಂತಿಲ್ಲ, ಹಿಂದಿಕ್ಕುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ನಿಯಮ ಸರಿಯಾದದ್ದೇ, ಇನ್ನೂ ಬಿಗಿಯಾದರೂ ನನಗೆ ಬೇಸರವಿಲ್ಲ. ಆದರೆ ಆ ಸಾಲಿನಲ್ಲಿ ನಮ್ಮ ಮುಂದೆ ಇದ್ದದ್ದು ಪ್ರಯಾಣಿಕರ ಬಸ್ಸು. ಅದರ ವೇಗವೇ ನಮ್ಮ ವೇಗ.

ಇನ್ನು ಶಹೀದ್ ದ್ವೀಪ, ಹಳೆಯ ನೀಲ್. ಬಹಳ ಚಿಕ್ಕದು, ಹೆಚ್ಚಿನ ದಾರಿ ಸಮತಟ್ಟು. ಡಿಸೆಂಬರಿನಲ್ಲಿ ಅಲ್ಲಿಯೂ ನಮಗೊಂದು ಕಾರು ಗೊತ್ತಾಗಿತ್ತು. ಮೊದಲ ‘ಪಾಯಿಂಟ್’ ಭರತ್‌ಪುರ ಕಡಲತೀರ. ಅತ್ತೆಯನ್ನು ಹುಷಾರಾಗಿ ಹತ್ತಿಸಿ, ಬಾಗಿಲು ಹಾಕಿ, ಎಸಿ ತಣ್ಣಗಾಗುವುದರೊಳಗೆ ಡ್ರೈವರ್ “ಬಂತು, ಇಳಿಯಿರಿ” ಎಂದ. ಅತ್ತೆ ಕಿಟಕಿಯಿಂದ ಹಿಂದಕ್ಕೆ ನೋಡಿದರು. ನಾವು ಹತ್ತಿದ ಜೆಟ್ಟಿ ಅಲ್ಲೇ ಕಾಣುತ್ತಿತ್ತು.

ಫೆಬ್ರುವರಿಯಲ್ಲಿ ಇಲ್ಲಿ ನಾವು ಸೈಕಲ್ ಪಡೆದೆವು, ಈ ಸಲ ವಿಡಿಯೊ ತೆಗೆದು. ತಂಗಿ ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿದವಳಲ್ಲ. ಮೊದಲ ನೂರು ಹೆಜ್ಜೆ ತಳ್ಳಿಕೊಂಡೇ ನಡೆದು, ಆಮೇಲೆ ಹತ್ತಿದಳು. ಭರತ್‌ಪುರದ ದಂಡೆಯಲ್ಲಿ ಇಳಿದು ಉಸಿರು ಬಿಡುತ್ತಾ, “ಅಕ್ಕಾ, ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮು ಎಷ್ಟು ಉದ್ದ?” ಎಂದು ಕೇಳಿದಳು.

“1,507 ಮೀಟರ್.”

“ಹಾಗಾದರೆ ಇದು ಅದರ ಅರ್ಧವೂ ಆಗಲಿಲ್ಲ. ಇಷ್ಟಕ್ಕೆ ಭಾವ ಕಾರಿಗೆ ದುಡ್ಡು ಕೊಟ್ಟರೇ?”

ಕೊಟ್ಟಿದ್ದರು. ಪಾರ್ಕಿಂಗಿನ ದುಡ್ಡು ಬೇರೆ.